ಅಳಿಯಂದಿರ್ಗೆ ಹೇಳವ್ವ, ನೀರು ತಣ್ಣಗದೆ

ಮಾರ್ಚ್ ತಿಂಗಳು ಬಂತು ಅಂದ್ರೆ ಈ ಬೀದೀಲಿ ಎಲ್ಲರ ಮನೆ ಮುಂದೆ ಹೂವು ಬಿಡುತ್ತೆ, ನಮ್ಮ ಮನೇಲಿ ಮಾತ್ರ ನಲ್ಲಿ ಬಿಚ್ಚುತ್ತಾರೆ. ಬಿಚ್ಚೋರು ನಮ್ಮ ಯಜಮಾನರು. ವರ್ಷಾವರ್ಷಾ ಇದೇ ಗೋಳು. ಸಿಂಕಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ರೆ ವಸಂತ ಬಂತು ಅಂತ ನಾನು ಲೆಕ್ಕ ಹಾಕ್ಕೊಳ್ತೀನಿ. ಮಗಳು ಫೋನಿನಲ್ಲಿ "ಮಾಮ್, ಜಸ್ಟ್ ಕಾಲ್ ಎ ಪ್ಲಂಬರ್" ಅಂತಾಳೆ. ಅವಳಿಗೇನು ಗೊತ್ತು? ಅವಳು ಹುಟ್ಟಿದ ವರ್ಷ ಪ್ಲಂಬರನ್ನ ಕರೆಸಿಬಿಟ್ಟಿದ್ರೆ ಈ ಮನೇಲಿ ಆಗಬೇಕಾದ ಒಂದು ದೊಡ್ಡ ಕೆಲಸ ಆಗದೇ ಉಳೀತಿತ್ತು.

ಅದು ಎಂಬತ್ತರ ದಶಕದ ಮಾತು. ಫ್ರೀಮಾಂಟಿನಲ್ಲಿ ಒಂದು ಹಳೇ ಮನೆ ಕೊಂಡಿದ್ವಿ. ನಮ್ಮವರು ದಿನಾ ಬೆಳಿಗ್ಗೆ ಸೇತುವೆ ದಾಟಿ ಮೆನ್ಲೋ ಪಾರ್ಕಿನ ಆಫೀಸಿಗೆ ಹೋಗಿ ಕಂಪ್ಯೂಟರ್ ಚಿಪ್ಪುಗಳ ಡಿಸೈನು ಮಾಡ್ತಿದ್ರು. ಚಿಪ್ಪಿನೊಳಗೆ ಕರೆಂಟು ಹರಿಸೋನಿಗೆ ಪೈಪಿನೊಳಗೆ ನೀರು ಹರಿಸೋದು ಏನ್ ಮಹಾ ಅನ್ನೋದು ಅವರ ವಾದ. ಲೈಬ್ರರಿಯಿಂದ ಮನೆ ರಿಪೇರಿಯ ಒಂದು ದಪ್ಪ ಪುಸ್ತಕ ತಂದಿದ್ರು. ಅದರಲ್ಲಿ ವಸಂತಕಾಲದಲ್ಲಿ ಮನೆಯ ನೀರಿನ ಕೊಳವೆಗಳನ್ನ ಹೇಗೆ ನೋಡ್ಕೋಬೇಕು ಅಂತ ಒಂದು ಅಧ್ಯಾಯವೇ ಇತ್ತು. ಅದನ್ನ ಅವರು ದಿನಾ ಪಾರಾಯಣ ಮಾಡ್ತಿದ್ರು.

ಆ ವಸಂತದಲ್ಲಿ ನಾನು ತುಂಬು ಬಸುರಿ. ಬಾಣಂತನ ಮಾಡೋಕೆ ಅಂತ ನಮ್ಮವ್ವ ಮದ್ದೂರಿನ ಹತ್ತಿರದ ಹಳ್ಳಿಯಿಂದ ಬಂದಳು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರಿಗೆ ನಿಂತು ಮಾತಾಡೋ ಹಾಗಿಲ್ಲ. ಏನಿದ್ರೂ ಬಾಗಿಲ ಮರೆಯಿಂದ, ಮಗಳ ಮೂಲಕ. ಕೋಪ ಅಲ್ಲ, ಅದು ಮರ್ಯಾದೆ. ನಮ್ಮವರಿಗೆ ಇದು ಗೊತ್ತಿತ್ತು, ಆದರೂ ಒಂದು ಆಸೆ. ಅವರು ತಾಯಿಯನ್ನ ಕಳಕೊಂಡಾಗ ಇನ್ನೂ ಅಕ್ಷರ ಕಲಿಯೋ ವಯಸ್ಸು. ಚಿಕ್ಕಪ್ಪನ ಮನೇಲಿ ಒಂದಷ್ಟು ದಿನ, ಆಮೇಲೆ ಮೈಸೂರಿನ ಹಾಸ್ಟೆಲ್ಲು, ಹಾಗೇ ಬೆಳೆದೋರು. ಅತ್ತೆ ಬರ್ತಾರೆ ಅಂತ ಕುಣೀತಿದ್ರು ಪಾಪ. ಏರ್‌ಪೋರ್ಟಿನಲ್ಲಿ ಅವ್ವ ಇವರನ್ನ ನೋಡಿದ್ದೇ ತಡ, ತಲೆ ಮೇಲೆ ಸೆರಗೆಳ್ಕೊಂಡು ನನ್ನ ಬೆನ್ನ ಹಿಂದೆ ನಿಂತುಬಿಟ್ಟಳು. ಆಗ ಇವರ ಮುಖ ನೋಡೋಕೆ ಆಗ್ಲಿಲ್ಲ.

ಕಾರಿಗೆ ಪೆಟ್ಟಿಗೆ ತುಂಬುವಾಗ ಮೆಲ್ಲಗೆ ನನ್ನ ಕಿವೀಲಿ ಅಂದ್ರು: "ಒಂದೇ ಒಂದು ಸಲ ನನ್ನ ಜೊತೆ ನೇರವಾಗಿ ಮಾತಾಡಿದ್ರೆ ಸಾಕು ಕಣೆ. ಊಟ ಆಯ್ತಾ ಅಂತ ಕೇಳಿದ್ರೂ ಸಾಕು. ಅದಕ್ಕೆ ಏನು ಮಾಡಬೇಕೋ ಎಲ್ಲ ಮಾಡ್ತೀನಿ."

ಎಲ್ಲ ಮಾಡಿದ್ರು. ಮಾಡಿದ್ದಷ್ಟೂ ಪ್ಲಂಬಿಂಗು.

ಹಂಡೆ ಎಲ್ಲವ್ವ?

ಬಂದ ದಿನವೇ ಅವ್ವ ಬಚ್ಚಲುಮನೆ ತೋರಿಸು ಅಂದಳು. ಅಡುಗೆಮನೆ ಬೇಡ, ಮಲಗೋ ಕೋಣೆ ಬೇಡ, ಮೊದಲು ಬಚ್ಚಲು. ಬಾಣಂತನ ಅಂದ್ರೆ ಅವಳ ಪಾಲಿಗೆ ಬಿಸಿನೀರು. ಮಿಕ್ಕಿದ್ದೆಲ್ಲ ಆಮೇಲೆ.

ಬಾತ್ ಟಬ್ಬು ನೋಡಿ ದಂಗಾದಳು. "ಇದ್ಯಾಕವ್ವ, ದನ ನೀರು ಕುಡ್ಯೋ ತೊಟ್ಟೀನ ತಂದು ಮನೆ ಒಳಗ್ ಮಡಗವ್ರೆ? ಹಂಡೆ ಎಲ್ಲವ್ವ?"

ಗ್ಯಾರೇಜಿಗೆ ಕರ್ಕೊಂಡು ಹೋಗಿ ಮೂಲೆಯಲ್ಲಿ ನಿಂತಿದ್ದ ಬಿಳೀ ವಾಟರ್ ಹೀಟರ್ ತೋರಿಸಿದೆ. ಅದರ ಹೊಟ್ಟೆ ಮೇಲೆ ಕೈ ಇಟ್ಟು ನೋಡಿದಳು. "ತಣ್ಣಗದೆ ಕಣವ್ವ. ಒಲೆ ಹಚ್ಚಿಲ್ವಾ?" ಒಳಗೆ ಗ್ಯಾಸಿನ ಉರಿ ಇದೆ, ಹೊರಗೆ ಬಿಸಿ ಗೊತ್ತಾಗಲ್ಲ ಅಂದೆ. ನಂಬಲಿಲ್ಲ. ಮನೇಲಿದ್ದ ಬಕೆಟ್ಟು, ಪಾತ್ರೆ, ಕುಕ್ಕರು ಎಲ್ಲ ಟಬ್ಬಿನ ಪಕ್ಕ ಸಾಲಾಗಿ ಜೋಡಿಸಿ ಬಿಸಿನೀರಿನ ನಲ್ಲಿ ತಿರುಗಿಸಿದಳು. ಅರ್ಧ ಸಾಲು ತುಂಬೋ ಹೊತ್ತಿಗೆ ನೀರು ಉಗುರುಬೆಚ್ಚಗಾಯ್ತು, ಆಮೇಲೆ ತಣ್ಣಗೇ ಆಗಿಹೋಯ್ತು.

ನಮ್ಮವರು ಬಚ್ಚಲ ಬಾಗಿಲಲ್ಲೇ ನಿಂತಿದ್ರು. ಅವ್ವ ಗೋಡೆ ಕಡೆ ತಿರುಗಿ ನನಗೆ ಹೇಳಿದಳು, "ಅಳಿಯಂದಿರ್ಗೆ ಹೇಳವ್ವ, ಬಾಣ್ತಿಗೆ ಬೆನ್ ಮ್ಯಾಲೆ ಕೊಡ ಕೊಡ ಬಿಸ್ನೀರು ಸುರೀಬೇಕು. ಇದು ಕಾಲ್ ತೊಳ್ಯಕ್ಕೂ ಸಾಲಕ್ಕಿಲ್ಲ. ಹಿತ್ಲಲ್ಲಿ ಒಂದ್ ಒಲೆ ಹಾಕ್ಕೊಡಕ್ ಹೇಳು."

ಇವರು ನನಗೆ ಹೇಳಿದ್ರು, "ಅತ್ತೆಗೆ ಹೇಳು, ಹಿತ್ತಲಲ್ಲಿ ಹೊಗೆ ಎದ್ರೆ ಫೈರ್ ಇಂಜಿನ್ ಬರುತ್ತೆ. ಹೀಟರನ್ನೇ ಸರಿ ಮಾಡಿಕೊಡ್ತೀನಿ."

ಇಬ್ಬರ ನಡುವೆ ಇದ್ದಿದ್ದು ಒಂದು ಮೊಳ ಜಾಗ. ಅವರಿಬ್ಬರ ಮಾತೂ ಅವರಿಬ್ಬರಿಗೂ ಚೆನ್ನಾಗೇ ಕೇಳಿಸ್ತಿತ್ತು. ಆದರೂ ನಾನು ಟೆಲಿಫೋನ್ ಆಪರೇಟರಿನ ಥರ ಎಲ್ಲ ಇನ್ನೊಂದು ಸಲ ಹೇಳಬೇಕು. ಸಂಜೆ ಹೊತ್ತಿಗೆ ಸಾಕಾಗಿ ಸೋಫಾ ಮೇಲೆ ಒರಗಿ ಕಣ್ಣು ಮುಚ್ಚಿದೆ. "ಇನ್ನು ಹೇಳೋದಿದ್ರೆ ನೀವೇ ಹೇಳ್ಕೊಳ್ಳಿ" ಅಂದುಬಿಟ್ಟೆ.

ಆಮೇಲೆ ಅವ್ವ ಬಂದು ನನ್ನ ಹೊಟ್ಟೆ ಹತ್ತಿರ ಬಗ್ಗಿದಳು. "ಕೂಸೇ, ನಿಮ್ಮಪ್ಪಂಗೆ ಹೇಳು, ನೀರು ತಣ್ಣಗಾದ್ರೆ ನಿಮ್ಮವ್ವಂಗೆ ಜನ್ಮಪೂರ್ತಿ ಸೊಂಟ ನೋವು ಬತ್ತದೆ ಅಂತ."

ಇವರು ಇನ್ನೊಂದು ಕಡೆಯಿಂದ ಮಂಡಿಯೂರಿ ಕೂತರು. "ಪುಟ್ಟಾ, ಅಜ್ಜಿಗೆ ಹೇಳು, ನೀನು ಬರೋಷ್ಟರಲ್ಲಿ ಸುಡುಸುಡು ನೀರು ರೆಡಿ ಇರುತ್ತೆ."

ಅಷ್ಟರಲ್ಲಿ ಮಗು ಒಳಗಿಂದ ಜೋರಾಗಿ ಒದೀತು. ನಾನು ಅಮ್ಮಾ ಅಂದೆ. ಇಬ್ಬರೂ ಒಟ್ಟಿಗೆ ಕೇಳಿದರು: "ಏನಂತೆ?"

ಮಡಿಯಲ್ಲೇ ಬೆಂದ ಸೊಪ್ಪು

ಪುಸ್ತಕದ ಪ್ರಕಾರ ಹೀಟರಿನ ತಳದಲ್ಲಿ ವರ್ಷಗಟ್ಟಲೆ ಸುಣ್ಣದಂಥ ಗಸಿ ಕೂತಿರುತ್ತೆ. ಅದರಿಂದಲೇ ಬೇಗ ನೀರು ತಣ್ಣಗಾಗೋದು. ವಸಂತಕ್ಕೊಮ್ಮೆ ಕೆಳಗಿನ ಸಣ್ಣ ನಲ್ಲಿಗೆ ತೋಟದ ಹೋಸು ಸಿಕ್ಕಿಸಿ, ಒಳಗಿನ ನೀರನ್ನೆಲ್ಲ ಹೊರಗೆ ಬಿಟ್ಟು ತೊಳೀಬೇಕು. ಎರಡು ವಾರ ಓದಿ ಓದಿ, ಒಂದು ಶನಿವಾರ ಬೆಳಿಗ್ಗೆ ನಮ್ಮವರು ಹಳೇ ಪ್ಯಾಂಟು ಹಾಕ್ಕೊಂಡು, ಪುಸ್ತಕವನ್ನ ಸ್ಟೂಲಿನ ಮೇಲೆ ತೆರೆದಿಟ್ಟು ಶುರು ಮಾಡಿದ್ರು. ಹೋಸಿನ ಈ ತುದಿ ಎಲ್ಲಿ, ಹೇಗೆ ಸಿಕ್ಕಿಸಬೇಕು ಅನ್ನೋದಕ್ಕೆ ಪುಸ್ತಕದಲ್ಲಿ ಚಿತ್ರವೇ ಇತ್ತು. ಆ ತುದಿ ಎಲ್ಲಿರಬೇಕು ಅನ್ನೋದನ್ನ ಇವರು ಓದಲಿಲ್ಲ.

ಕೊನೇಲಿ ಹೋಸು ಬಿಚ್ಚಿದಾಗ ನಲ್ಲಿಯಿಂದ ಗಸಿ ಬಂತು ನೋಡಿ, ಬೆಳ್ಳಗೆ, ಮರಳು ಮರಳಾಗಿ! ಇವರಿಗೆ ಚಿನ್ನದ ಗಣಿ ಸಿಕ್ಕಷ್ಟು ಖುಷಿ. ಒಂದು ಬೋಗುಣಿ ತುಂಬ ಹಿಡಿದು, ಆಫೀಸಿನಲ್ಲಿ ತೋರಿಸ್ತೀನಿ ಅಂತ ಮುಂಬಾಗಿಲ ಮೆಟ್ಟಿಲ ಮೇಲೆ ಒಣಗೋಕೆ ಇಟ್ಟರು. ಅವ್ವ ಅದನ್ನ ನೋಡಿ ಕಣ್ಣರಳಿಸಿ, "ರಂಗೋಲಿ ಪುಡಿ ಇಲ್ಲ ಅಂತ ನೆನ್ನೆ ಅಂದಿದ್ದೆ, ತಂದೇ ಮಡಗವ್ರೆ" ಅಂತ ಒಣಗಿದ್ದಷ್ಟನ್ನೂ ತಗೊಂಡು ಮನೆ ಮುಂದೆ ಒಳ್ಳೇ ಎಳೆ ರಂಗೋಲಿ ಬಿಟ್ಟಳು. ಆಫೀಸಿಗೆ ಹೋಗಬೇಕಾಗಿದ್ದ ಗಸಿ ಅಂಗಳದಲ್ಲಿ ತಾವರೆ ಹೂವಾಗಿ ಕೂತಿತ್ತು. ನಾನು ಬಾಯಿ ಬಿಡೋಕೆ ಹೋದರೆ ಇವರು ಸುಮ್ಮನಿರು ಅಂತ ಸನ್ನೆ ಮಾಡಿದ್ರು. "ನಾನು ಕೊಟ್ಟಿದ್ದನ್ನ ಅತ್ತೆ ಮನೆ ಮುಂದೆ ಹಾಕಿದ್ದಾರೆ ಕಣೆ, ಹಾಳು ಮಾಡಬೇಡ" ಅಂದ್ರು. ಕಣ್ಣು ಮಿಂಚ್ತಿತ್ತು.

ಆ ಸಂತೋಷ ಅವ್ವ ಹಿತ್ತಲಿಗೆ ಹೋಗೋವರೆಗೆ ಇತ್ತು. ಬಾಣಂತಿಗೆ ಬೇಕು ಅಂತ ಅವಳು ಬಂದ ವಾರದಲ್ಲೇ ಮೆಂತ್ಯ, ಸಬ್ಬಸಿಗೆ ಚೆಲ್ಲಿ ಎರಡು ಮಡಿ ಮಾಡಿದ್ದಳು. ಎಳೇ ಸೊಪ್ಪು ಬೆರಳುದ್ದ ಎದ್ದಿತ್ತು. ಹೋಸಿನ ಆ ತುದಿ ಸರಿಯಾಗಿ ಮಡಿಯೊಳಗೇ ಬಿದ್ದಿತ್ತು. ಕುದಿಯೋ ನೀರೆಲ್ಲ ಅಲ್ಲಿಗೇ ಹರಿದು ಸೊಪ್ಪು ಬೆಂದು ಮಲಗಿತ್ತು.

ಅವ್ವ ಬಗ್ಗಿ ಒಂದು ಎಸಳು ಎತ್ತಿ ನೋಡಿದಳು. ಇವರು ಬೇಲಿ ಹತ್ತಿರ ತಲೆ ತಗ್ಗಿಸಿ ನಿಂತಿದ್ರು. ಬೈದರೆ ಬೈಯಲಿ, ಬಾಯಿಬಿಟ್ಟು ಬೈಯಲಿ ಅಂತ ಕಾಯ್ತಾ ಇದ್ದ ಹಾಗಿತ್ತು. ಅವ್ವ ನನ್ನ ಕಡೆ ತಿರುಗಿದಳು.

"ಅಳಿಯಂದಿರ್ಗೆ ಹೇಳವ್ವ, ನಮ್ ಕಡೆ ಸೊಪ್ಪು ಕಿತ್ತಾದ್ ಮ್ಯಾಲೆ ಬೇಯ್ಸದು."

ಕೆಂಪು ಗುರುತು

ಗಸಿ ತೆಗೆದ ಮೇಲೆ ನೀರು ನಿಜವಾಗಲೂ ಚೆನ್ನಾಗಿ ಕಾಯೋಕೆ ಶುರುವಾಯ್ತು. ಒಂದೇ ತೊಂದರೆ, ಆ ಕೆಳಗಿನ ಸಣ್ಣ ನಲ್ಲಿ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ತೊಟ್ಟು ತೊಟ್ಟು ಸೋರ್ತಾನೇ ಇತ್ತು. ಇವರು ಒಂದು ಬೋಗುಣಿ ಇಟ್ಟು "ಇದನ್ನೂ ಒಂದು ಕೈ ನೋಡ್ತೀನಿ" ಅಂದ್ರು.

ಅವ್ವ ಮತ್ತೆ ಬಕೆಟ್ಟು, ಪಾತ್ರೆ, ಕುಕ್ಕರು ಜೋಡಿಸಿ ಪರೀಕ್ಷೆ ಮಾಡಿದಳು. ಈ ಸಲ ಸಾಲು ಪೂರ್ತಿ ಸುಡುಸುಡು. ಸಮಾಧಾನ ಆಯ್ತು. ಗ್ಯಾರೇಜಿಗೆ ಹೋಗಿ ಹೀಟರಿನ ಬೆನ್ನು ತಟ್ಟಿ, "ಪರ್ವಾಗಿಲ್ಲ, ಈಗ ಬುದ್ಧಿ ಬಂತು ನಿಂಗೆ" ಅಂದಳು. ನಮ್ಮವರು ಪಕ್ಕದಲ್ಲೇ ಸ್ಪ್ಯಾನರ್ ಹಿಡ್ಕೊಂಡು ನಿಂತಿದ್ರು.

ಒಳಗೆ ಬಂದು ನನ್ನ ಹತ್ತಿರ ದೂರು. "ಹೀಟರ್ ಜೊತೆ ನೇರವಾಗಿ ಮಾತಾಡ್ತಾರಲ್ಲೇ!"

ಪಾಪ, ಹೀಟರ್ ಒಂದೇ ಅಲ್ಲ. ಪಕ್ಕದ ಮನೇಲಿ ಒಬ್ಬರು ಅಮೆರಿಕನ್ ಅಜ್ಜಿ ಒಬ್ಬರೇ ಇದ್ದರು. ಅವರ ಗಂಡ ತೀರಿಕೊಂಡಿದ್ರೂ ಅವರ ಉಪಕರಣಗಳೆಲ್ಲ ಗ್ಯಾರೇಜಿನ ಗೋಡೆ ತುಂಬ ಹಾಗೇ ತೂಗ್ತಾ ಇದ್ದವು. ನಮ್ಮವರಿಗೆ ಬೇಕಾದ ಸ್ಪ್ಯಾನರು, ರೆಂಚು ಎಲ್ಲ ಅಲ್ಲಿಂದಲೇ ಬರ್ತಿದ್ದಿದ್ದು. ಅವ್ವ ಆ ಅಜ್ಜಿ ಜೊತೆ ಬೇಲಿ ಹತ್ತಿರ ನಿಂತು ಗಂಟೆಗಟ್ಟಲೆ ಹರಟ್ತಿದ್ದಳು. ಇವಳು ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ. ಇಬ್ಬರೂ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ತಲೆ ಆಡಿಸಿ, ಕಣ್ಣೊರೆಸಿಕೊಂಡು ಒಳಗೆ ಬರ್ತಿದ್ರು.

"ಕನ್ನಡ ಬಾರದೋರ ಜೊತೇನೂ ಮಾತಾಡ್ತಾರೆ" ಅಂತ ನಮ್ಮವರು ಇನ್ನಷ್ಟು ಸಪ್ಪಗಾದ್ರು.

ಯುಗಾದಿಯ ಹಿಂದಿನ ದಿನ ಅವ್ವ ಹೀಟರನ್ನ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಪಕ್ಕದಮನೆ ನಿಂಬೆಗಿಡದ ಎಲೆಯಲ್ಲಿ ತೋರಣ ಕಟ್ಟಿ ಊದುಬತ್ತಿ ಬೆಳಗಿದಳು. ನಾಳೆ ಎಣ್ಣೆನೀರು, ಹಂಡೆಗೆ ಪೂಜೆ ಮಾಡದೆ ಹೇಗೆ? ಗ್ಯಾಸಿನ ಹತ್ತಿರ ಊದುಬತ್ತಿ ಬೇಡ ಅಂತ ನಾನೇ ಕಿತ್ತು ಅಂಗಳಕ್ಕೆ ಸಿಕ್ಕಿಸಿದೆ.

ಆ ಸಂಜೆ ಪಕ್ಕದಮನೆ ಅಜ್ಜಿ ಯಾವುದೋ ಇಕ್ಕಳ ಕೊಡೋಕೆ ಬಂದವರು ಹೀಟರಿನ ಮೇಲೆ ಸಾಲಾಗಿ ಕೆಂಪು ಬೊಟ್ಟು ನೋಡಿ ಗಾಬರಿಯಾದರು. "ಅಯ್ಯೋ, ಕೆಂಪು ಗುರುತು! ಇನ್ಸ್‌ಪೆಕ್ಟರು ಬಂದಿದ್ರಾ? ಕೆಟ್ಟಿದೆ ಅಂತ ಬರೆದು ಹೋದ್ರಾ?"

"ಇನ್ಸ್‌ಪೆಕ್ಟರಲ್ಲ, ಅದು ನಮ್ಮತ್ತೆ ಹಾಕಿದ್ದು" ಅಂದ್ರು ನಮ್ಮವರು.

"ಹಾಗಾದ್ರೆ ಪಾಸೋ, ಫೇಲೋ?"

ನಮ್ಮವರು ನಿಟ್ಟುಸಿರು ಬಿಟ್ಟರು. "ಹೀಟರು ಪಾಸಾಗಿದೆ. ನಾನೇ ಇನ್ನೂ ಆಗಿಲ್ಲ."

ಸಾಕಿದ ಪ್ರಾಣಿ

ಯುಗಾದಿ ಬೆಳಿಗ್ಗೆ ಅವ್ವ ಊರಿಂದ ತಂದಿದ್ದ ಹರಳೆಣ್ಣೆ ಬೆಚ್ಚಗೆ ಮಾಡಿದಳು. ನನಗೆ ಹಚ್ಚಿದ್ದಾಯ್ತು. ಅಳಿಯನಿಗೆ? ಹಬ್ಬದ ದಿನ ಮನೆಯ ಗಂಡಸಿನ ನೆತ್ತಿಗೆ ಎಣ್ಣೆ ಬೀಳದಿದ್ರೆ ಆಗುತ್ತಾ? ಬಟ್ಟಲು ನನ್ನ ಕೈಗೆ ಕೊಟ್ಟು ತಾನು ಬಾಗಿಲ ಮರೇಲಿ ನಿಂತಳು. ನಾನು ಹೊಟ್ಟೆ ಹೊತ್ಕೊಂಡು ಇವರ ತಲೆ ತಟ್ತಿದ್ರೆ ಹಿಂದಿನಿಂದ ಒಂದೇ ಸಮನೆ ನಿರ್ದೇಶನ. "ಅಷ್ಟು ಮೆತ್ತಗಲ್ಲ ಕಣವ್ವ, ಚೆನ್ನಾಗ್ ತಟ್ಟು. ಅಳಿಯಂದ್ರ ಕಣ್ಣು ಕೆಂಪಗವೆ, ಉಷ್ಣ ಆಗದೆ. ಕಿವಿ ಹಿಂದೆ ಹಾಕು. ಅಂಗಾಲ್ಗೂ ಹಾಕು."

ಇವರು ಕಣ್ಣು ಮುಚ್ಕೊಂಡು ಸುಮ್ಮನೆ ಕೂತಿದ್ರು. ತಟ್ತಿದ್ದ ಕೈ ನಂದು, ಆದರೆ ಇವರ ಕಿವಿ ಇದ್ದಿದ್ದೆಲ್ಲ ಬಾಗಿಲ ಕಡೆ. ನನಗೆ ಅದು ಗೊತ್ತಾಗಿ ಅವ್ವ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತಟ್ಟಿದೆ.

ಆಮೇಲೆ ಎಲ್ಲರಿಗೂ ಸೀಗೆಕಾಯಿ. ಊರಲ್ಲಿ ಕುಟ್ಟಿಸಿ, ಜರಡಿ ಹಿಡಿಸದೆ ತಂದ ಪುಡಿ. ಹೋಳಿಗೆ ಊಟಕ್ಕೆ ಕೂರೋ ಹೊತ್ತಿಗೆ ನೋಡಿದ್ರೆ ಟಬ್ಬಿನಲ್ಲಿ ಕಂದು ಬಣ್ಣದ ನೀರು ನಿಂತಲ್ಲೇ ನಿಂತಿದೆ. ನಮ್ಮವರು ಪಂಚೆ ಎತ್ತಿ ಕಟ್ಟಿ, ಪುಸ್ತಕದ ಕೊನೇ ಪುಟಗಳಲ್ಲಿ ಹುಡುಕಿದ್ರು. ಕೂದಲು ಕಟ್ಟಿಕೊಂಡ್ರೆ ಏನು ಮಾಡಬೇಕು, ಸೋಪು ಕಟ್ಟಿಕೊಂಡ್ರೆ ಏನು ಮಾಡಬೇಕು ಎಲ್ಲ ಇತ್ತು. ಸೀಗೆಕಾಯಿ ಅಂತ ಎಲ್ಲೂ ಇರಲಿಲ್ಲ.

ಪಕ್ಕದಮನೆ ಅಜ್ಜಿ ಗಂಡನ ಕಾಲದ ಒಂದು ಉದ್ದನೆ ಸುರುಳಿ ತಂತಿ ಹಿಡ್ಕೊಂಡು ಬಂದ್ರು. ಅದನ್ನ ಒಳಗೆ ತೂರಿಸಿ ತಿರುಗಿಸಿ ತಿರುಗಿಸಿ ಎಳೆದ್ರೆ ಕಟ್ಟಿದ್ದು ಹೊರಗೆ ಬರುತ್ತೆ. ನಮ್ಮವರು ತಿರುಗಿಸಿದ್ರು, ನಾನು ಕುರ್ಚಿ ಮೇಲೆ ಕೂತು ಹುರಿದುಂಬಿಸಿದೆ, ಅವ್ವ ಬಾಗಿಲ ಮರೆಯಿಂದ "ಅಳಿಯಂದಿರ್ಗೆ ಹೇಳವ್ವ, ಹೋಳ್ಗೆ ಆರೋಯ್ತದೆ" ಅಂತಿದ್ದಳು. ಕೊನೆಗೆ ಒಂದು ಜಗ್ಗು ಜಗ್ಗಿದಾಗ ಬಂತು ನೋಡಿ! ಮೊಳದುದ್ದ, ಕಂದು ಬಣ್ಣ, ಮೈಯೆಲ್ಲ ಕೂದಲು, ಎಣ್ಣೆ ತೊಟ್ಟಿಕ್ಕುತ್ತಾ ತಂತಿ ತುದೀಲಿ ನೇತಾಡ್ತಿತ್ತು. ಎಲ್ಲರೂ ಉಸಿರು ಹಿಡ್ಕೊಂಡು ನೋಡಿದ್ವಿ.

ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡು ಬಹಳ ನೊಂದ ದನಿಯಲ್ಲಿ ನಮ್ಮವರನ್ನ ಕೇಳಿದ್ರು: "ಪಾಪ, ನೀವು ಸಾಕಿದ್ದಾ?"

ಐಸ್ ನೀರು

ಹಬ್ಬ ಆಗಿ ಸ್ವಲ್ಪ ದಿನಕ್ಕೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೇಲಿ ನರ್ಸಮ್ಮ ನಗ್ತಾ ನಗ್ತಾ ಬಂದು ಹಸಿ ಬಾಣಂತಿ ಕೈಗೆ ದೊಡ್ಡ ಲೋಟದ ತುಂಬ ಐಸು ಹಾಕಿದ ನೀರು ಕೊಟ್ಟಳು. ಅವ್ವನಿಗೆ ಜೀವ ಬಾಯಿಗೆ ಬಂತು. ನರ್ಸಮ್ಮ ಆ ಕಡೆ ತಿರುಗಿದ ಕೂಡಲೇ ಲೋಟ ಕಿತ್ಕೊಂಡು, ನಮ್ಮವರು ತಂದಿದ್ದ ಹೂವಿನ ಕುಂಡಕ್ಕೆ ಸುರಿದಳು. ಖಾಲಿ ಲೋಟ ನೋಡಿ ನರ್ಸಮ್ಮನಿಗೆ ಸಂತೋಷ. "ಗುಡ್ ಗರ್ಲ್" ಅಂತ ಇನ್ನೊಂದು ಲೋಟ ತಂದಳು. ಅದೂ ಕುಂಡಕ್ಕೆ. ಹೀಗೇ ಎರಡು ದಿನ ನಡೀತು.

ಅವ್ವನಿಗೆ ಈಗ ಹೊಸ ಟೆಲಿಫೋನು ಸಿಕ್ಕಿತ್ತು. ಮಗುವನ್ನ ಎತ್ತಿಕೊಂಡು, "ಕೂಸೇ, ನಿಮ್ಮಪ್ಪಂಗೆ ಹೇಳು, ನಿನ್ನ ಚೆಂದಾಗ್ ಹಿಡ್ಕೊಳ್ಳಕ್ಕೆ. ಕತ್ತಿನ ಕೆಳಗೆ ಕೈ ಕೊಡಕ್ಕೆ" ಅನ್ನೋಳು. ಇವರು ಮಗು ಮುಖ ನೋಡ್ತಾ "ಆಗಲಿ" ಅನ್ನೋರು. ಮಗು ಆಕಳಿಸೋದು.

ಮನೆಗೆ ಹೊರಡೋ ದಿನ ನರ್ಸಮ್ಮ ನನ್ನ ಬೆನ್ನು ತಟ್ಟಿದಳು. ಇಷ್ಟು ನೀರು ಕುಡಿಯೋ ಬಾಣಂತಿಯನ್ನ ನಾನು ನೋಡೇ ಇಲ್ಲ ಅಂದಳು. ಆಮೇಲೆ ಕುಂಡದ ಕಡೆ ನೋಡಿ ಹುಬ್ಬು ಗಂಟಿಕ್ಕಿದಳು. "ಈ ಹೂವಿಗೆ ಯಾಕೋ ನೆಗಡಿ ಆದ ಹಾಗಿದೆ!"

ಟೆಲಿಫೋನು ಸಿಗದ ದಿನ

ಮನೆಗೆ ಬಂದ ಮೇಲೆ ಅವ್ವ ಒಳ್ಳೇ ದಿನ ನೋಡಿ ದೊಡ್ಡ ನೀರು ಇಟ್ಟಳು. ನನಗೂ ಮಗುವಿಗೂ ಒಟ್ಟಿಗೆ ಎಣ್ಣೆನೀರು. ಇಷ್ಟು ದಿನ ಬಕೆಟ್ಟು, ಕುಕ್ಕರು ಜೋಡಿಸಿ ಪರೀಕ್ಷೆ ಮಾಡಿದ್ದೆಲ್ಲ ಈ ಒಂದು ಬೆಳಗಿಗೋಸ್ಕರ.

ನಮ್ಮವರು ಆಫೀಸಿಗೆ ರಜ ಹಾಕಿದ್ರು. ಪಾತ್ರೆ ತೊಳೆಯೋದು ಬಂದ್, ಬಟ್ಟೆ ಮಶೀನು ಬಂದ್. ಹೀಟರಿನ ಉರಿ ಒಂದು ಮಟ್ಟ ಏರಿಸಿ, ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದಿಟ್ಟು ಅದರ ಪಕ್ಕ ಕಾವಲು ನಿಂತರು. ಅವ್ವ ನನ್ನ ಕೈಲಿ ಹೇಳಿ ಕಳಿಸಿದಳು, "ಅಳಿಯಂದಿರ್ಗೆ ಹೇಳವ್ವ, ನೀರು ಚೆನ್ನಾಗ್ ಬತ್ತಾ ಅದೆ. ಇವತ್ತು ಒಂದಿನ ಏನೂ ರಿಪೇರಿ ಮಾಡಬ್ಯಾಡಿ."

"ಅತ್ತೆಗೆ ಹೇಳು, ಕೈ ಕಟ್ಕೊಂಡು ನಿಂತಿರ್ತೀನಿ" ಅಂದ್ರು.

ಕೈ ಕಟ್ಕೊಂಡು ನಿಲ್ಲೋದು ಅವರ ಜಾತಕದಲ್ಲೇ ಇಲ್ಲ.

ಟಬ್ಬಿನೊಳಗೆ ಒಂದು ಮಣೆ ಹಾಕಿ ನನ್ನ ಕೂರಿಸಿದಳು. ತಾನು ಸೀರೆ ಮೇಲಕ್ಕೆ ಕಟ್ಟಿ, ಟಬ್ಬಿನ ಇನ್ನೊಂದು ಕೊನೇಲಿ ಕಾಲು ನೀಡಿ ಕೂತು, ಆ ಕಾಲಿನ ಮೇಲೆ ಮಗುವನ್ನ ಮಲಗಿಸಿಕೊಂಡಳು. ದನದ ತೊಟ್ಟಿ ಅಂತ ಹೀಯಾಳಿಸಿದ್ದು ಈಗ ಎಷ್ಟು ಅನುಕೂಲ ಆಯ್ತು ನೋಡಿ. ನಲ್ಲಿ ಅವಳ ಕೈಗೆಟುಕೋ ಹಾಗೇ ಇತ್ತು. ಒಂದು ಚೊಂಬು ಬಿಸಿನೀರು ನನ್ನ ಬೆನ್ನಿಗೆ, ಇನ್ನೊಂದು ಚೊಂಬು ಹದ ಮಾಡಿ ಮಗುವಿಗೆ. ಆ ಬಿಸಿ ಸೊಂಟಕ್ಕೆ ಬಿದ್ದಾಗ ಆದ ಸುಖ ಇದೆಯಲ್ಲ, ಅದನ್ನ ಹೆತ್ತೋರೇ ಬಲ್ಲರು. ನನ್ನ ತಲೆಗೆ ಗಟ್ಟಿಯಾಗಿ ಸೀಗೆಕಾಯಿ ಮೆತ್ತಿದಳು. ಮಗು ಮೈಗೆ ಕಡಲೆಹಿಟ್ಟು ಹಚ್ಚಿದಳು. ನಲ್ಲಿ ತಿರುಗಿಸಿದಳು.

ನಲ್ಲಿ ಒಂದು ಸಲ ಗೊರ್ ಅಂತು. ಸಣ್ಣ ಧಾರೆ ಬಂತು. ಅದೂ ನಿಂತುಹೋಯ್ತು.

ಏನಾಗಿತ್ತು ಅಂದ್ರೆ, ಗ್ಯಾರೇಜಿನಲ್ಲಿ ಸುಮ್ಮನೆ ನಿಂತಿದ್ದ ನಮ್ಮವರ ಕಣ್ಣಿಗೆ ಆ ತೊಟ್ಟಿಕ್ಕೋ ಸಣ್ಣ ನಲ್ಲಿ ಬಿತ್ತು. ಬೋಗುಣಿಗೆ ಟಪ್ ಟಪ್ ಅಂತ ಬೀಳ್ತಿದ್ದ ಸದ್ದು ತಡೆಯೋಕಾಗಲಿಲ್ಲ. ಒಂದೇ ಸುತ್ತು ಬಿಗಿ ಮಾಡಿಬಿಡೋಣ ಅನ್ನಿಸ್ತು. ಬಿಗಿ ಮಾಡೋ ಮುಂಚೆ ಹೀಟರಿಗೆ ಬರೋ ನೀರನ್ನ ನಿಲ್ಲಿಸಿ ಅಂತ ಪುಸ್ತಕದಲ್ಲಿತ್ತು. ನಿಲ್ಲಿಸಿದ್ರು. ಹೀಟರಿಗೆ ನೀರು ಹೋಗದಿದ್ರೆ ಬಚ್ಚಲಿಗೂ ಬರಲ್ಲ ಅನ್ನೋದನ್ನ ಮರೆತು, ನೆಲಕ್ಕೆ ಕೂತು ಆ ನಲ್ಲಿ ಜೊತೆ ಸಂಸಾರ ಶುರು ಮಾಡಿದ್ರು.

ಇತ್ತ ಬಚ್ಚಲಲ್ಲಿ ಅವ್ವ ತಣ್ಣೀರಿನ ನಲ್ಲಿ ಮುಟ್ಟಲೂ ಇಲ್ಲ. ಬಾಣಂತಿಗೆ, ಹಸುಗೂಸಿಗೆ ತಣ್ಣೀರಾ? ಅಭ್ಯಾಸಬಲದಿಂದ, "ಅಳಿಯಂದಿರ್ಗೆ ಹೇಳವ್ವ, ನೀರು ನಿಂತೋಯ್ತು" ಅಂದಳು.

"ಅವ್ವಾ, ನಾನು ಹೆಂಗೆ ಹೇಳ್ಲಿ! ಕಣ್ಣ ತುಂಬ ಸೀಗೆಕಾಯಿ, ಏಳೋಕೇ ಆಗ್ತಿಲ್ಲ!" ಅಂದೆ.

ಮಗು ಕಡೆ ಬಗ್ಗಿದಳು. "ಕೂಸೇ, ನಿಮ್ಮಪ್ಪಂಗೆ..." ಅನ್ನೋ ಅಷ್ಟರಲ್ಲಿ ಕೂಸು ಚಳಿಗೆ ನಡುಗಿ ಕಿಟಾರಂತ ಕಿರುಚಿಕೊಳ್ತು. ಪುಟ್ಟ ತುಟಿ ನೀಲಿ ತಿರುಗಿದ ಹಾಗೆ ಕಂಡಿತಂತೆ ಅವಳಿಗೆ. ಅಷ್ಟೇ. ಅಷ್ಟು ದಿನದ ಸೆರಗು, ಬಾಗಿಲ ಮರೆ, ಮರ್ಯಾದೆ ಎಲ್ಲ ಎಲ್ಲಿ ಹೋಯ್ತೋ! ಬಚ್ಚಲ ಕಿಟಕಿ ಕಡೆ ಮುಖ ಮಾಡಿ, ಹೊಲದಲ್ಲಿರೋ ತನ್ನ ಗಂಡುಮಕ್ಕಳನ್ನ ಊಟಕ್ಕೆ ಕೂಗೋ ಗಂಟಲಲ್ಲಿ ಕೂಗಿದಳು:

"ಲೋ ಮುಂಡೇದೇ! ಎಲ್ ಹಾಳಾಗೋದ್ಯೋ? ಕೂಸು ಚಳೀಲಿ ಸಾಯ್ತಾ ಅದೆ, ನೀರು ಬುಡೋ ಮೊದ್ಲು!"

ಬೀದಿಗೆ ಬೀದಿಯೇ ಕೇಳಿಸಿಕೊಳ್ತು. ಅವ್ವನಿಂದ 'ನೀರು' ಅನ್ನೋದೊಂದು ಮಾತು ಕಲಿತಿದ್ದ ಪಕ್ಕದಮನೆ ಅಜ್ಜಿ ಹೊರಗೆ ಬಂದು, ತಮಗೇ ಹೇಳಿದ್ದೇನೋ ಅಂತ ತಮ್ಮ ಹೂಗಿಡದ ನಲ್ಲಿ ತಿರುಗಿಸಿಬಿಟ್ಟರಂತೆ.

ಗ್ಯಾರೇಜಿನಲ್ಲಿ ಸ್ಪ್ಯಾನರು ನೆಲಕ್ಕೆ ಬಿದ್ದ ಸದ್ದು. ಓಡಿದ ಸದ್ದು. ನಲ್ಲಿ ಮತ್ತೆ ಗೊರ್ ಅಂತು, ಹಬೆಯಾಡೋ ನೀರು ಧೋ ಅಂತ ಬಂತು. ಗೋಡೆ ಆಚೆಯಿಂದ ನಮ್ಮವರ ದನಿ ಕೇಳಿಸ್ತು, ಒಡೆದುಹೋದ ದನಿ: "ಬಿಟ್ಟೆ ಅವ್ವಾ!"

ಅತ್ತೆ ಅಂತಲ್ಲ. ಅವ್ವಾ ಅಂತ.

ಅವ್ವ ಬಾಯಿ ಮೇಲೆ ಕೈ ಇಟ್ಕೊಂಡಳು. ಏನಂದುಬಿಟ್ಟೆ ಅಂತ ಈಗ ಹೊಳೀತು. "ಅಯ್ಯೋ ಶಿವನೇ, ಅಳಿಯಂದ್ರನ್ನ ಮುಂಡೇದೆ ಅಂದ್ಬುಟ್ನಲ್ಲ!" ಅಂತ ನೀರು ಹುಯ್ತಾ ಹುಯ್ತಾ ಅಳೋಕೆ ಶುರು ಮಾಡಿದಳು. ಮಗು ಬೆಚ್ಚಗಾಗಿ ಸುಮ್ಮನಾಯ್ತು, ಅವ್ವ ಸುಮ್ಮನಾಗಲಿಲ್ಲ.

ನಾನು ತಲೆಗೆ ಬಟ್ಟೆ ಸುತ್ತಿಕೊಂಡು ಹೋಗಿ ನೋಡಿದ್ರೆ ಇವರು ಬಕೆಟ್ಟು ಬೋರಲು ಹಾಕಿ ಹೀಟರಿಗೆ ಒರಗಿ ಕೂತಿದ್ರು. ಎರಡು ಕಣ್ಣಲ್ಲೂ ನೀರು ಸುರೀತಿತ್ತು. ಏನ್ರೀ ಅಂದೆ.

"ಏನಿಲ್ಲ, ಕಣ್ಣಿಗೆ ಸೀಗೆಕಾಯಿ ಹೋಯ್ತು" ಅಂದ್ರು.

"ಸೀಗೆಕಾಯಿ ಇದ್ದಿದ್ದು ನನ್ನ ತಲೇಲಿ, ಬಚ್ಚಲಲ್ಲಿ. ಗ್ಯಾರೇಜಿಗೆ ಹೆಂಗೆ ಬಂತು?"

ಅಷ್ಟರಲ್ಲಿ ಬಾಗಿಲ ಮರೆಯಿಂದ ಅವ್ವನ ದನಿ, ಹಳೇ ಥರವೇ. "ಅಳಿಯಂದಿರ್ಗೆ ಹೇಳವ್ವ, ಬಾಯ್ತಪ್ಪಿ ಬಂತು. ಮನಸ್ಸಿಗೆ ಹಾಕ್ಕೊಬ್ಯಾಡಿ ಅಂತ."

ಇವರು ಮೂಗು ಒರೆಸ್ಕೊಂಡು ನನ್ನ ಕಡೆ ನೋಡಿದ್ರು. "ಅವ್ವಂಗೆ ಹೇಳು, ನನ್ನನ್ನ ಹೀಗೆ ಬೈಯೋರು ಇಷ್ಟು ವರ್ಷ ಯಾರೂ ಇರಲಿಲ್ಲ ಅಂತ."

ಬಾಗಿಲ ಮರೆಯಿಂದ ಸೆರಗಲ್ಲಿ ಮೂಗು ಸೀಟಿದ ಸದ್ದು ಮಾತ್ರ ಒಂದು ಸಲ ಕೇಳಿಸ್ತು.

ಮಾರನೇ ದಿನ ಮತ್ತೆ ನೀರು. ಈ ಸಲ ಎಲ್ಲ ಸುಸೂತ್ರ. ಮಗುವಿನ ಸ್ನಾನ ಮುಗಿದು, ಬಟ್ಟೇಲಿ ಸುತ್ತಿ ಹೊಗೆ ಹಾಕಿ ಮಲಗಿಸಿದ್ದೂ ಆಯ್ತು. ನನ್ನ ತಲೆಗೆ ಸೀಗೆಕಾಯಿ ಹಾಕಿದ್ದೂ ಆಯ್ತು. ಅವ್ವ ಕೊನೇ ಚೊಂಬಿಗೆ ನಲ್ಲಿ ತಿರುಗಿಸಿದಳು. ಗೊರ್ ಅಂತು. ನಿಂತುಹೋಯ್ತು.

"ನಲ್ಲಿ ನೆನ್ನೇನೇ ರಿಪೇರಿ ಆಯ್ತಲ್ಲವ್ವ, ಸೋರೋದೂ ನಿಂತದೆ" ಅಂದಳು ಅವ್ವ. ಗ್ಯಾರೇಜಿನ ಕಡೆ ಕಿವಿ ಕೊಟ್ಟಳು. ಅಲ್ಲಿ ಸ್ಪ್ಯಾನರಿನ ಸದ್ದಿಲ್ಲ, ಓಡಾಟದ ಸದ್ದಿಲ್ಲ. ಯಾರೋ ಉಸಿರು ಬಿಗಿಹಿಡಿದು ಕಾಯ್ತಾ ಇರೋ ಹಾಗಿತ್ತು. ನನಗೆ ಅರ್ಥ ಆಯ್ತು, ಕಣ್ಣು ಉರೀತಿದ್ರೂ ಅರ್ಥ ಆಯ್ತು. ಅವ್ವನಿಗೂ ಆಯ್ತು. ಸೆರಗನ್ನ ಸೊಂಟಕ್ಕೆ ಸಿಕ್ಕಿಸಿದಳು, ಕಿಟಕಿ ಕಡೆ ತಿರುಗಿದಳು, ನಗು ತಡ್ಕೊಂಡು ಗಂಟಲು ಸರಿ ಮಾಡ್ಕೊಂಡಳು.

"ಲೋ ಮುಂಡೇದೇ! ನೀರು ಬುಟ್ಟು ಒಳಕ್ ಬಾ. ಹೊತ್ತಾರೆಯಿಂದ ಹೊಟ್ಟೆಗೇನಾದ್ರೂ ತಿಂದ್ಯೇನೋ?"